ಪರಪ್ಪನವರ ಮಗಳ ಕರಾರು

ಲಂಡನ್ನಿನ ಹ್ಯಾರೋದ ಪರಪ್ಪನವರ ಹೆಸರಿನಲ್ಲಿ ‘ಪರ’ ಇದೆಯೇ ಹೊರತು, ಅವರು ಯಾವುದರ ಪರವಾಗಿಯೂ ಮಾತಾಡಿದ್ದನ್ನು ಕೇಳಿದವರಿಲ್ಲ. ಅಂಗಡಿಯಲ್ಲಿ ಒಂದು ಕೊಂಡರೆ ಇನ್ನೊಂದು ಉಚಿತ ಎಂದು ಬರೆದಿದ್ದರೆ, ಎರಡೂ ಹಳಸಿರಬೇಕು ಎನ್ನುತ್ತಾರೆ. ಮೆಟ್ರೊಪಾಲಿಟನ್ ಲೈನಿನ ರೈಲು ಸರಿಯಾದ ಹೊತ್ತಿಗೆ ಬಂದರೆ, ಇದು ಹಿಂದಿನ ರೈಲು ತಡವಾಗಿ ಬಂದದ್ದು ಎಂದು ಗಡಿಯಾರ ನೋಡುತ್ತಾರೆ. ಪಕ್ಕದ ಮನೆಯ ಮುದುಕಿ ಕ್ರಿಸ್‌ಮಸ್ಸಿಗೆ ಕೇಕು ಕೊಟ್ಟಾಗ, ಇನ್ನು ಬೇಲಿ ಎತ್ತರಿಸುವ ಅರ್ಜಿ ಬರುತ್ತದೆಂದು ಕೌನ್ಸಿಲ್ಲಿನ ವೆಬ್‌ಸೈಟ್ ತೆರೆದು ಕೂತಿದ್ದರು. ದುರದೃಷ್ಟಕ್ಕೆ ಅರ್ಜಿ ನಿಜಕ್ಕೂ ಬಂತು. ಆ ಒಂದು ಗೆಲುವಿನ ಬಲದ ಮೇಲೆ ಪರಪ್ಪನವರು ಹನ್ನೊಂದು ವರ್ಷ ತಳ್ಳಿದ್ದಾರೆ.

ಹಾಗೆಂದು ಸಂಶಯ ಅವರಿಗೆ ಚಟವಲ್ಲ, ಹೊಟ್ಟೆಪಾಡು. ವಾಯವ್ಯ ಲಂಡನ್ನಿನ ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಅವರದು ಕೊನೆಯ ತಪಾಸಣೆಯ ಮೇಜು. ಡಾಕ್ಟರು ಬರೆದದ್ದನ್ನು ಒಬ್ಬರು ಓದಿ, ಇನ್ನೊಬ್ಬರು ಮಾತ್ರೆ ತೆಗೆದು, ಚೀಟಿ ಅಂಟಿಸಿ ಕಳಿಸಿದರೆ, ಅಷ್ಟೂ ಜನ ತಪ್ಪು ಮಾಡಿದ್ದಾರೆಂದು ನಂಬಿ ಶುರು ಮಾಡುವುದೇ ಅವರ ಕೆಲಸ. ಇಪ್ಪತ್ನಾಲ್ಕು ವರ್ಷದಲ್ಲಿ ಅವರ ಮೇಜು ದಾಟಿ ಒಂದು ತಪ್ಪು ಮಾತ್ರೆಯೂ ವಾರ್ಡಿಗೆ ಹೋಗಿಲ್ಲ. ಅದಕ್ಕೂ ಹಿಂದೆ, ಧಾರವಾಡದಲ್ಲಿ, ಅವರ ತಂದೆ ಕೋರ್ಟಿನ ಹೊರಗೆ ಹುಣಸೆಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಜನರ ಅಫಿಡವಿಟ್ ಹೊಡೆದುಕೊಡುತ್ತಿದ್ದರು. ಮನುಷ್ಯ ಬಾಯಲ್ಲಿ ಹೇಳುವ ಸುಳ್ಳಿಗಿಂತ ಛಾಪಾ ಕಾಗದದ ಮೇಲೆ ಹೇಳುವ ಸುಳ್ಳು ಹೆಚ್ಚು ಎಂಬುದನ್ನು ಪರಪ್ಪನವರು ಚಡ್ಡಿ ಹಾಕುವ ವಯಸ್ಸಿನಲ್ಲೇ, ಕಾರ್ಬನ್ ಹಾಳೆ ಎತ್ತಿಕೊಡುತ್ತ ಕಲಿತಿದ್ದರು. ಹೀಗಾಗಿ ಎಲ್ಲಿ ಕರಾರೋ ಅಲ್ಲಿ ಅವರ ತಕರಾರು.

ಅವರ ಹೆಂಡತಿ ಕೃಷ್ಣವೇಣಿ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್. ಊರವರ ಕಿವುಡನ್ನು ಅಳೆಯುವ ಈಕೆ ಗಂಡನ ಮಾತಿಗೆ ಎಷ್ಟು ಬೇಕೋ ಅಷ್ಟು ಕಿವುಡು ಬೆಳೆಸಿಕೊಂಡೇ ಸಂಸಾರ ನಡೆಸಿದವರು. ಇವರಿಬ್ಬರ ಒಬ್ಬಳೇ ಮಗಳು ತನ್ಮಯಿ, ಆರಡಿ ಒಂದಿಂಚು. ಧಾರವಾಡದಿಂದ ಬಂದಿದ್ದ ಅಜ್ಜಿ ಮೊಮ್ಮಗಳಿಗೆ ಹೆರಳು ಹಾಕಲು ಸ್ಟೂಲು ಕೇಳಿದ್ದಳು. ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಹಿಡಿದ ಹುಡುಗಿ ಅದನ್ನು ಕೆಳಗಿಡಲೇ ಇಲ್ಲ. ಹದಿನೆಂಟಕ್ಕೆ ಅಮೆರಿಕದ ಒಂದು ಕಾಲೇಜು ಸ್ಕಾಲರ್‌ಶಿಪ್ ಕೊಟ್ಟು ಕರೆದುಕೊಂಡಿತು. ಓದಿಗೆ ಬಯೋಕೆಮಿಸ್ಟ್ರಿ, ಆಟಕ್ಕೆ ಕಾಲೇಜಿನ ತಂಡ. ಪುಕ್ಕಟೆ ಓದಿಸುತ್ತಾರೆಂದರೆ ಏನೋ ಇದೆ ಎಂದು ಪರಪ್ಪನವರು ಒಂದು ತಿಂಗಳು ಸರಿಯಾಗಿ ಊಟ ಮಾಡಿರಲಿಲ್ಲ. ಏನೂ ಇರಲಿಲ್ಲ. ಎರಡು ವರ್ಷ ಸುಸೂತ್ರವಾಗಿ ಕಳೆದವು.

ಈ ಬೇಸಿಗೆ ರಜೆಗೆ ಬಂದ ತನ್ಮಯಿ, ಬಂದ ಎರಡನೇ ವಾರ, ದೋಸೆ ಮುರಿಯುತ್ತ ಒಂದು ಸುದ್ದಿ ಹೇಳಿದಳು. ಪೋಲೆಂಡಿನ ಒಂದು ಕ್ಲಬ್ ಅವಳನ್ನು ವೃತ್ತಿಪರ ಆಟಗಾರ್ತಿಯಾಗಿ ಕರೆಯುತ್ತಿದೆ. ಎರಡು ಸೀಸನ್ನಿನ ಕರಾರು. ಸಹಿ ಹಾಕಿದರೆ ಕಾಲೇಜು ಬಿಡಬೇಕು, ಸ್ಕಾಲರ್‌ಶಿಪ್ಪೂ ಹೋಯಿತು, ಡಿಗ್ರಿ ಅರ್ಧಕ್ಕೆ ನಿಂತಿತು. ಶನಿವಾರ ಏಜೆಂಟು ಮನೆಗೇ ಬಂದು ಮಾತಾಡುತ್ತಾನೆ.

“ಏಜೆಂಟ್ ಅಂದರ ಅರ್ಜೆಂಟ್. ಇವತ್ತ ಸಹಿ ಮಾಡ್ರಿ ಅಂತಾನ, ನೋಡ” ಎಂದರು ಪರಪ್ಪನವರು.

“ಅಂವ ಇನ್ನೂ ಬಂದೇ ಇಲ್ಲರೀ” ಎಂದರು ಕೃಷ್ಣವೇಣಿ.

ಬಂದವನು ಮಯೂರ್. ಮೂವತ್ತೆರಡು ವಯಸ್ಸು, ಹತ್ತಿರದ ಸ್ಟ್ಯಾನ್ಮೋರಿನ ಬೆಂಗಳೂರು ಮೂಲದ ಮನೆಯವನು, ತಾನೂ ಒಂದು ಕಾಲಕ್ಕೆ ಆಡಿದವನು. ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ಪರಪ್ಪನವರು ಅಡಿಗೆಮನೆಗೆ ಹೋಗಿ ಹೆಂಡತಿಯ ಕಿವಿಯಲ್ಲಿ, “ಸಹಿಗಿಂತ ಮೊದಲ ಸಿಹಿ ತಂದಾನ. ನಮ್ಮ ಹುಡುಗಿ ಚೆಂಡು ಬುಟ್ಟಿಗೆ ಹಾಕತಾಳ, ಇಂವ ನಮ್ಮನ್ನ ಬುಟ್ಟಿಗೆ ಹಾಕ್ಕೊಳ್ಳಾಕ ಬಂದಾನ” ಎಂದರು. ಕೃಷ್ಣವೇಣಿ ಚಹಾದ ತಾಟನ್ನು ಗಂಡನ ಕೈಗೆ ಕೊಟ್ಟರು.

ಏಜೆಂಟನನ್ನು ಪ್ರಶ್ನಿಸುವ ಬಗೆ ಪರಪ್ಪನವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಕನ್ಯೆ ನೋಡಲು ಬಂದ ಗಂಡನ್ನು ಪ್ರಶ್ನಿಸುವ ಬಗೆ. ಅದನ್ನೇ ಶುರು ಮಾಡಿದರು.

“ತಂದಿಯವರು ಏನ ಮಾಡತಾರ?”

“ಡೆಂಟಿಸ್ಟ್, ಅಂಕಲ್. ಈಗ ರಿಟೈರ್ ಆಗಿದ್ದಾರೆ.”

“ಸ್ಟ್ಯಾನ್ಮೋರದಾಗ ಮನಿ ಸ್ವಂತದ್ದೊ, ಬಾಡಗಿದೊ?”

“ಸ್ವಂತದ್ದು, ಅಂಕಲ್.”

“ನೀವ್ಯಾಕ ಆಡೂದು ಬಿಟ್ಟಿರಿ?”

“ಬೆನ್ನು ಹೋಯ್ತು, ಅಂಕಲ್.”

“ಬೆನ್ನು ಹೋಯ್ತೊ, ಯಾರರೆ ತಗದು ಹಾಕಿದರೊ?”

“ಅಪ್ಪಾ!” ಎಂದಳು ತನ್ಮಯಿ.

ಮಯೂರ್ ನಕ್ಕ. ಕೆಲವು ಹುಡುಗಿಯರಿಗೆ ಕಾಲೇಜು ಮುಗಿಸುವುದೇ ಒಳ್ಳೆಯದು, ಕೆಲವರಿಗೆ ಬೇಗ ಹೋಗುವುದು ಒಳ್ಳೆಯದು, ತಾನು ಯಾರನ್ನೂ ನೂಕುವವನಲ್ಲ, ಹದಿನೈದು ದಿನ ಟೈಮಿದೆ, ಕರಾರು ನಿಧಾನ ಓದಿ ಎಂದು ಮೂವತ್ತೊಂದು ಪುಟ ಮೇಜಿನ ಮೇಲಿಟ್ಟು ಹೋದ. ಅವನು ಅರ್ಜೆಂಟ್ ಮಾಡದ್ದು ಪರಪ್ಪನವರಿಗೆ ಎಲ್ಲಕ್ಕಿಂತ ಹೆಚ್ಚು ಸಂಶಯ ತಂದಿತು.

ಮರುದಿನ ನಾರ್ತ್ ಹ್ಯಾರೋದಲ್ಲಿ ಪರಿಚಿತರ ಮನೆಯ ಸತ್ಯನಾರಾಯಣ ಪೂಜೆ. ಲಂಡನ್ನಿನ ನಮ್ಮವರ ಪೂಜೆಗಳಲ್ಲಿ ಮಂಗಳಾರತಿಯ ನಂತರ ಎರಡು ಸಾಲು ಹುಟ್ಟುತ್ತವೆ. ಒಂದು ಪ್ರಸಾದಕ್ಕೆ, ಇನ್ನೊಂದು ಡಾಕ್ಟರರಿಗೆ. ಜಿಪಿ ಎಂಬ ಬಡಾವಣೆಯ ಡಾಕ್ಟರನ್ನು ನೋಡಲು ಮೂರು ವಾರ ಕಾಯಬೇಕು. ಇಲ್ಲಿ ಕೈಯಲ್ಲಿ ಸಜ್ಜಿಗೆಯ ದೊನ್ನೆ ಹಿಡಿದ ಹೃದಯತಜ್ಞರು, ಚರ್ಮತಜ್ಞರು ಸೋಫಾದ ಮೇಲೆ ಸಿಗುತ್ತಾರೆ. ಮೈಸೂರಿನ ಡಾಕ್ಟರ್ ಲಕ್ಷ್ಮೀಶ ಮೂಳೆಯವರು, ಅವರ ಸಾಲು ಯಾವಾಗಲೂ ಉದ್ದ. ಪರಪ್ಪನವರು ನೀರು ಕುಡಿಯಲು ಒಳಗೆ ಹೋದಾಗ, ಬಟ್ಟೆ ಒಗೆಯುವ ಮಶೀನಿನ ಪಕ್ಕ, ಲಕ್ಷ್ಮೀಶರು ಮತ್ತು ತನ್ಮಯಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಲಕ್ಷ್ಮೀಶರು ಅವಳ ಫೋನನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. ಪರಪ್ಪನವರನ್ನು ಕಂಡದ್ದೇ ಫೋನು ಹಿಂದಕ್ಕೆ ಹೋಯಿತು, ಮಾತು ಮಳೆಗೆ ತಿರುಗಿತು.

ಕಾರಿನಲ್ಲಿ ಬರುವಾಗಲೇ ಪರಪ್ಪನವರು ಲೆಕ್ಕ ಹಾಕಿಬಿಟ್ಟರು. ಲಕ್ಷ್ಮೀಶರ ಮಗ ಅಚಿಂತ್ಯ ಹೋದ ವರ್ಷ ಡಿಗ್ರಿ ಮುಗಿಸಿದ. ತನ್ನ ಮಗನದು ಮುಗಿದರೆ ಸಾಕು, ಬೇರೆಯವರ ಮಕ್ಕಳದು ಅರ್ಧಕ್ಕೆ ನಿಲ್ಲಲಿ ಎಂದು ಈ ಮನುಷ್ಯ ಹುಡುಗಿಗೆ ಪೋಲೆಂಡಿನ ದಾರಿ ತೋರಿಸುತ್ತಿದ್ದಾನೆ.

“ಅವರು ಹಂಗ ಮಾಡೋ ಮಂದಿ ಅಲ್ಲ” ಎಂದರು ಕೃಷ್ಣವೇಣಿ.

“ಮೈಸೂರ ಮಂದಿ. ಮಾತು ಭಾಳ ಮೆತ್ತಗ ಇರತಾವ” ಎಂದರು ಪರಪ್ಪನವರು, ಇದಕ್ಕಿಂತ ದೊಡ್ಡ ಪುರಾವೆ ಬೇಕೆ ಎಂಬಂತೆ.

ಆಮೇಲಿನ ವಾರವಿಡೀ ತನಿಖೆ. ಬೆಳಿಗ್ಗೆ ರೈಲಿನಲ್ಲಿ ಕರಾರಿನ ಮೂರು ಪುಟ, ಸಂಜೆ ಮೂರು ಪುಟ. ಆಸ್ಪತ್ರೆಯಲ್ಲಿ ಕೈಕೆಳಗಿನ ಪೋಲೆಂಡಿನ ಹೆಂಗಸನ್ನು ಆ ಊರಿನ ಬಗ್ಗೆ ಕೇಳಿದರು. ಊರು ಚೆನ್ನ, ಕ್ಲಬ್ ಹಳೆಯದು, ಬೀಟ್‌ರೂಟಿನ ಸಾರು ಬಲು ರುಚಿ ಎಂದಳು. ಕ್ಲಬ್ಬಿನ ಹಳೆಯ ಆಟಗಾರ್ತಿಯರ ಹೆಸರು ಹುಡುಕಿ, ಯಾರಾದರೂ ಬೈದು ಬರೆದಿದ್ದಾರೇನೋ ಎಂದು ಜಾಲಾಡಿದರು. ಒಬ್ಬಳು ಮಾತ್ರ ಚಳಿ ಹೆಚ್ಚು ಎಂದು ಬರೆದಿದ್ದಳು. ಎಲ್ಲವೂ ಸರಿಯಾಗಿತ್ತು. ಎಲ್ಲವೂ ಸರಿಯಾಗಿರುವ ಪ್ರಿಸ್ಕ್ರಿಪ್ಷನ್ ಬಂದರೆ ಪರಪ್ಪನವರು ಅದನ್ನು ಮೂರನೇ ಸಲ ಓದುವವರು.

ಗುರುವಾರ, ಇಪ್ಪತ್ತೆರಡನೇ ಪುಟದಲ್ಲಿ ಸಿಕ್ಕಿತು. ಆಟಗಾರ್ತಿ ಕ್ಲಬ್ ಸೇರಿದ ಮೂವತ್ತು ದಿನದೊಳಗೆ ವೈದ್ಯಕೀಯ ಪರೀಕ್ಷೆ. ಅದರಲ್ಲಿ ಫೇಲಾದರೆ ಕರಾರು ರದ್ದು.

“ಸಿಕ್ಕಿತು ನೋಡ!” ಎಂದು ರೈಲಿನಲ್ಲೇ ಕೂಗಿದರು. ಎದುರಿನ ಸೀಟಿನವರು ಕಾಲು ಎಳೆದುಕೊಂಡರು. ಹುಡುಗಿ ಕಾಲೇಜು ಬಿಟ್ಟು ಅಲ್ಲಿ ಹೋಗಿ ಕೂರಬೇಕು, ಆಮೇಲೆ ಇವರು ಏನೋ ನೆಪ ಹೇಳಿ ಮನೆಗೆ ಕಳಿಸಬೇಕು. ಅತ್ತ ಸ್ಕಾಲರ್‌ಶಿಪ್ಪೂ ಇಲ್ಲ, ಇತ್ತ ಕ್ಲಬ್ಬೂ ಇಲ್ಲ. ಪರಪ್ಪನವರು ಮಯೂರನಿಗೆ ನಾಲ್ಕು ಈಮೇಲ್ ಬರೆದರು. ನಾಲ್ಕನೆಯದರಲ್ಲಿ ಮುಖ್ಯ ಮಾತು ಕೆಂಪು ಅಕ್ಷರದಲ್ಲಿತ್ತು. ಪರೀಕ್ಷೆ ಸಹಿಗೆ ಮುಂಚೆಯೇ ಆಗಬೇಕು, ಲಂಡನ್ನಿನಲ್ಲೇ ಆಗಬೇಕು, ಅಡಿಯಿಂದ ಮುಡಿಯವರೆಗೆ ಆಗಬೇಕು, ಕೀಲುಗಳ ಸ್ಕ್ಯಾನ್ ಸಮೇತ. ಪಾಸಾದ ಮೇಲೆ ಆರೋಗ್ಯದ ಹೆಸರಿನಲ್ಲಿ ಯಾರೂ ತಕರಾರು ತೆಗೆಯುವಂತಿಲ್ಲ. ಮಯೂರ್ ಅರ್ಧ ಗಂಟೆಯಲ್ಲಿ ಒಪ್ಪಿದ. ಬರುವ ಗುರುವಾರ ಬೆಳಿಗ್ಗೆ ಎಂದು ಕ್ಲಿನಿಕ್ಕೂ ನಿಗದಿಯಾಯಿತು.

ಆ ಸಂಜೆ ಮನೆಯಲ್ಲಿ ಪರಪ್ಪನವರು ಇದನ್ನು ಬಹುಮಾನದಂತೆ ಹೇಳಿದರು. ತನ್ಮಯಿಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

“ಸ್ಕ್ಯಾನ್? ವೈ ವುಡ್ ಯು ಡೂ ದಟ್?”

“ನಿನ್ನ ಸಲುವಾಗೇ ಯವ್ವಾ. ಆಮ್ಯಾಲೆ ಅವರು ಕೈ ಎತ್ತಬಾರದಲ್ಲ.”

ಅವಳು ತಾಟು ಸಿಂಕಿಗೆ ಹಾಕಿ ಮೆಟ್ಟಿಲು ಹತ್ತಿ ಹೋದಳು. ಪಕ್ಕದ ಕಂಬಿಯನ್ನು ಹಿಡಿದು, ಒಂದೊಂದೇ ಮೆಟ್ಟಿಲು. ಪರಪ್ಪನವರ ಸಂಶಯ ಅಲ್ಲಿಯವರೆಗೆ ಮನೆಯ ಹೊರಗಿನವರನ್ನೆಲ್ಲ ಸುತ್ತಿ ಬಂದಿತ್ತು. ಈಗ ಅದು ಒಳಗೆ ಬಂದು ಚಪ್ಪಲಿ ಬಿಟ್ಟು ಕೂತಿತು.

ಶನಿವಾರ ಲಕ್ಷ್ಮೀಶರಿಗೆ ಫೋನ್ ಮಾಡಿದರು. “ಡಾಕ್ಟರ್ರ, ನೇರ ಕೇಳತೀನಿ. ಪೂಜಿ ದಿವಸ ನಮ್ಮ ಹುಡುಗಿ ಜೋಡಿ ಏನ ಮಾತಾಡಿದ್ರಿ?”

“ಪರಪ್ಪನೋರೆ, ಅದನ್ನ ನನ್ನ ಕೇಳ್ಬೇಡಿ. ಅವಳನ್ನೇ ಕೇಳಿ.”

“ಪೋಲೆಂಡಿಗೆ ಹೋಗಂತ ಹೇಳಿದಿರೇನು?”

“ನಾನ್ಯಾಕೆ ಹೇಳ್ಲಿ? ಅಂಥ ವಿಷಯ ಆಗಿದ್ರೆ ನಿಮ್ಗೆ ಹೇಳಕ್ಕೆ ನಂಗೇನು? ಇದು ಹೇಳೋ ಹಾಗಿಲ್ಲ ಸಾರ್.”

ಡಾಕ್ಟರೊಬ್ಬರು ಹೇಳುವ ಹಾಗಿಲ್ಲ ಎನ್ನುವುದು ಯಾವ ವಿಷಯಕ್ಕೆ ಎಂದು ಆಸ್ಪತ್ರೆಯಲ್ಲಿ ಕೂದಲು ಉದುರಿಸಿಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಪರಪ್ಪನವರು ಫೋನಿಟ್ಟು ಮೇಲೆ ಹೋದರು. ಸ್ನಾನದ ಮನೆಯ ಕಪಾಟಿನಲ್ಲಿ, ಶಾಂಪೂವಿನ ಹಿಂದೆ, ಅಮೆರಿಕದಿಂದ ತಂದ ನೋವಿನ ಮಾತ್ರೆಯ ದೊಡ್ಡ ಡಬ್ಬಿ. ಇನ್ನೂರು ಮಾತ್ರೆಯದು. ಅಲ್ಲಾಡಿಸಿದರು, ತಳದಲ್ಲಿ ಹತ್ತೋ ಹನ್ನೆರಡೋ ಸದ್ದು ಮಾಡಿದವು.

ಅಂದು ಮಧ್ಯಾಹ್ನ ತನ್ಮಯಿ ಪ್ರಾಕ್ಟೀಸಿಗೆಂದು ಪಾರ್ಕಿನ ಕೋರ್ಟಿಗೆ ಹೋದಾಗ, ಪರಪ್ಪನವರು ಹಿಂದಿನಿಂದ ಕಾರಿನಲ್ಲಿ ಹೋಗಿ ತಂತಿಬಲೆಯ ಆಚೆ ನಿಲ್ಲಿಸಿ ಕೂತರು. ಎರಡು ವರ್ಷದ ಹಿಂದೆ ಇದೇ ಕೋರ್ಟಿನಲ್ಲಿ ಈ ಹುಡುಗಿ ಹಾರಿದರೆ ಎಲ್ಲೋ ಒಂದು ಕ್ಷಣ ಅಲ್ಲೇ ನಿಂತುಬಿಟ್ಟಳೇನೋ ಅನಿಸುತ್ತಿತ್ತು. ಈಗ ಅವಳು ನಿಂತಲ್ಲಿಂದಲೇ ಚೆಂಡು ಹಾಕುತ್ತಿದ್ದಳು. ಹತ್ತಕ್ಕೆ ಒಂದು ಸಲ ಹಾರಿದರೆ, ಎಡಗಾಲ ಮೇಲೆ ಇಳಿಯುತ್ತಿದ್ದಳು. ಇಳಿದು, ಯಾರಾದರೂ ನೋಡಿದರೇ ಎಂದು ಸುತ್ತ ನೋಡುತ್ತಿದ್ದಳು. ಹಾಗೆ ನೋಡಿದಾಗಲೇ ಅಪ್ಪನ ಕಾರು ಕಂಡಿತು.

ಬಂದು ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತಳು. “ಆರ್ ಯು ಸ್ಪೈಯಿಂಗ್ ಆನ್ ಮಿ?”

“ಯಾವ ಮೊಣಕಾಲು?” ಎಂದರು ಪರಪ್ಪನವರು.

“ಬಲಗಾಲು” ಎಂದಳು. ಅದನ್ನು ಕನ್ನಡದಲ್ಲಿ ಹೇಳಿದ್ದೇ ಪರಪ್ಪನವರಿಗೆ ಹೆದರಿಕೆ ಹುಟ್ಟಿಸಿತು.

“ಯಾವಾಗಿಂದ?”

“ಫೆಬ್ರವರಿ.”

ಉಳಿದದ್ದು ಎರಡೂ ಭಾಷೆಯಲ್ಲಿ, ತುಂಡುತುಂಡಾಗಿ ಬಂತು. ಮೊಣಕಾಲೊಳಗಿನ ಮೆತ್ತೆ ಸವೆದಿದೆ. ಲಂಡನ್ನಿಗೆ ಬಂದ ವಾರವೇ ತಾನೇ ಖಾಸಗಿ ಕ್ಲಿನಿಕ್ಕಿಗೆ ಹೋಗಿ ಸ್ಕ್ಯಾನ್ ಮಾಡಿಸಿದಳು, ಪೂಜೆಯ ದಿನ ಲಕ್ಷ್ಮೀಶ ಅಂಕಲ್‌ಗೆ ತೋರಿಸಿದಳು. ಆಪರೇಷನ್ ಮಾಡಿಸಿ ಒಂದು ವರ್ಷ ಆಡದೆ ಇದ್ದರೆ ಸರಿಹೋಗಬಹುದು, ಹೀಗೇ ಆಡಿದರೆ ಎರಡು ವರ್ಷ, ಅದೃಷ್ಟವಿದ್ದರೆ, ಎಂದಿದ್ದರು. ಕಾಲೇಜಿಗೆ ಗೊತ್ತಿಲ್ಲ. ಗೊತ್ತಾದರೆ ಒಂದು ವರ್ಷ ಬೆಂಚಿನ ಮೇಲೆ. ಸ್ಕಾಲರ್‌ಶಿಪ್ ವರ್ಷವರ್ಷಕ್ಕೆ ಹೊಸದಾಗಿ ಕೊಡುವಂಥದ್ದು, ಅಷ್ಟರಲ್ಲಿ ಇನ್ನೊಬ್ಬಳು ಆ ಜಾಗಕ್ಕೆ ಬಂದಿರುತ್ತಾಳೆ. ಪೋಲೆಂಡಿನವರ ಪರೀಕ್ಷೆ ಹೆಸರಿಗಷ್ಟೆ, ಓಡು, ಹಾರು, ಹೋಗು ಎನ್ನುವಂಥದ್ದು ಎಂದು ಅಲ್ಲಿ ಆಡಿದವರು ಹೇಳಿದ್ದರು. ಅದನ್ನು ಮಾತ್ರೆ ನುಂಗಿ ದಾಟಿಬಿಡಬಹುದಿತ್ತು.

“ಎರಡೇ ಸೀಸನ್ ಅಪ್ಪಾ. ಒಂದ್ಸಲ ಪ್ರೊಫೆಷನಲ್ ಆಗಿ ಆಡಿದೆ ಅಂತ ಆಗ್ತಿತ್ತು. ದಟ್ಸ್ ಆಲ್.”

“ನಮಗ ಯಾಕ ಹೇಳಲಿಲ್ಲ?”

“ಹೇಳಿದ್ರೆ ಯು ವುಡ್ ಹ್ಯಾವ್ ಚೆಕ್ಡ್ ಇಟ್. ಎರಡೆರಡು ಸಲ.”

ಪರಪ್ಪನವರು ಸ್ಟಿಯರಿಂಗ್ ಹಿಡಿದು ಕೂತರು. ಹೊರಗಿನವರು ಯಾರೂ ಮಗಳಿಗೆ ಮೋಸ ಮಾಡಿರಲಿಲ್ಲ. ಬಾಗಿಲಿಗೆ ಅಗುಳಿ ಹಾಕಿದವರು ತಾವೇ. ಸ್ಕ್ಯಾನ್ ಎಂಬ ಮಾತನ್ನು ಕೆಂಪಗೆ ಮಾಡಿದವರೂ ತಾವೇ. ಡಿಗ್ರಿ ಮುಗಿಸಲಿ ಎಂದೇ ಅವರು ಇಷ್ಟು ದಿನ ಬಡಿದಾಡಿದ್ದು. ಈಗ ಆ ಹುಡುಗಿ ಎಡಗಾಲ ಮೇಲೆ ಇಳಿದು ಸುತ್ತ ನೋಡಿದ್ದು ಕಣ್ಣಿಂದ ಸರಿಯಲೊಲ್ಲದು. ಫೋನ್ ತೆಗೆದು ಮಯೂರನಿಗೆ ಹಚ್ಚಿ, ಸ್ಪೀಕರ್ ಹಾಕಿ, ಎದುರಿನ ಫೋನಿನ ಗೂಟಕ್ಕೆ ಸಿಕ್ಕಿಸಿದರು.

“ಮಯೂರ, ಆ ಸ್ಕ್ಯಾನ್ ಗೀನ್ ಬ್ಯಾಡ ಬಿಡಪಾ. ಪರೀಕ್ಷಾ ಅಲ್ಲೇ ಆಗಲಿ, ಮೊದಲ ಇದ್ದಂಗ. ನಂಬಿಕಿ ಅಂಬೂದು ಒಂದು ಇರತೈತಿ.”

“ಅಂಕಲ್, ಎಲ್ಲಾ ಸರಿ ಇದೆ ತಾನೆ?”

“ಸರಿ ಇರಲಾರದಕ್ಕ ಏನಾಗೇತಿ?”

“ಇಲ್ಲ, ನೀವೇ ಕೇಳಿದ್ದಲ್ವ ಅಂಕಲ್. ನಾಲ್ಕು ಈಮೇಲ್. ಈಗ ನೀವೇ ಬೇಡ ಅಂತಿದ್ದೀರ. ಯಾಕೆ ಅಂತ ಕೇಳ್ಬಹುದಾ?”

ಈ ಪ್ರಶ್ನೆಯನ್ನು ಪರಪ್ಪನವರು ತಮ್ಮ ಮೇಜಿನಿಂದ ಡಾಕ್ಟರರಿಗೆ ಸಾವಿರ ಸಲ ಕೇಳಿದ್ದಾರೆ, ಇದೇ ಮರ್ಯಾದೆಯ ದನಿಯಲ್ಲಿ. ಅದರ ಆಚೆ ತುದಿಯಲ್ಲಿ ಕೂತವರ ನಾಲಿಗೆ ಹೇಗೆ ಒಣಗುತ್ತದೆಂದು ಈಗ ತಿಳಿಯಿತು. “ಅದು ಏನಂದರ...” ಎಂದರು. ಮುಂದೆ ಸುಳ್ಳು ಹೊಳೆಯಲಿಲ್ಲ, ರೂಢಿ ಇರಲಿಲ್ಲ.

“ನನ್ನ ಮೊಣಕಾಲು ಹೋಗಿದೆ, ಮಯೂರ್” ಎಂದಳು ತನ್ಮಯಿ, ಫೋನಿನ ಕಡೆ ಬಾಗಿ. ಫೆಬ್ರವರಿಯಿಂದ ಶುರು ಮಾಡಿ ಎಲ್ಲ ಹೇಳಿದಳು. ಈ ಸಲ ತುಂಡಾಗಲಿಲ್ಲ. ಮಯೂರ್ ಬೈಯಲಿಲ್ಲ. ಕ್ಲಬ್ಬಿಗೆ ತಾನು ಹೇಳಲೇಬೇಕು ಎಂದ. ಹೇಳು ಎಂದಳು.

ಮಂಗಳವಾರ ಸಂಜೆ ಉತ್ತರ ಬಂತು. ಕ್ಲಬ್ಬಿಗೆ ಇನ್ನೂ ಅವಳು ಬೇಕು. ಆದರೆ ಎರಡು ಸೀಸನ್ ಅಲ್ಲ, ಒಂದು. ನಡುವೆ ಮೊಣಕಾಲು ಕೈಕೊಟ್ಟರೆ ಕರಾರು ಅಲ್ಲಿಗೆ ಮುಗಿಯಿತು. ಹೂಂ ಅನ್ನಲು ಶುಕ್ರವಾರದವರೆಗೆ ಸಮಯ.

ಬುಧವಾರ ಊಟದ ಹೊತ್ತಿಗೆ ಪರಪ್ಪನವರು ಬಾಯಿ ತೆರೆದರು. “ಹೋಗು” ಎಂದರು. “ಒಂದ ಸೀಸನ್ ಇದ್ದರ ಒಂದ. ಆಡಿ ಬಾ. ಡಿಗ್ರಿ ಎಲ್ಲಿ ಓಡಿ ಹೋಗತೈತಿ?”

ಕೃಷ್ಣವೇಣಿ ಸೌಟು ಹಿಡಿದು ಹಾಗೇ ನಿಂತರು. ಆಡಿಯಾಲಜಿಸ್ಟಿನ ಜೀವನದಲ್ಲೇ ಮೊದಲ ಸಲ ತಮ್ಮ ಕಿವಿಯ ಮೇಲೆ ಅವರಿಗೆ ಅನುಮಾನ ಬಂದಿರಬೇಕು.

“ನಾನು ಹೋಗಲ್ಲ” ಎಂದಳು ತನ್ಮಯಿ, ಬದನೆಕಾಯಿ ಎಣಗಾಯಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ. “ಮಧ್ಯಾಹ್ನನೇ ಮಯೂರ್‌ಗೆ ಹೇಳಿದೆ. ಕಾಲೇಜ್ ಕೋಚ್‌ಗೂ ಫೋನ್ ಮಾಡಿದೆ. ಸೆಪ್ಟೆಂಬರ್‌ನಲ್ಲಿ ಆಪರೇಷನ್. ಈ ವರ್ಷದ ಸ್ಕಾಲರ್‌ಶಿಪ್ ಓಕೆ ಅಂದ್ರು. ಮುಂದಿನ ವರ್ಷದ್ದು ಈಗ್ಲೇ ಹೇಳಕ್ಕಾಗಲ್ಲ ಅಂದ್ರು.”

“ಆಮ್ಯಾಲೆ ಯಾರೂ ಕರೀಲಿಲ್ಲಂದರ?” ಎಂದರು ಕೃಷ್ಣವೇಣಿ.

“ಕರೀಲಿಲ್ಲ ಅಂದ್ರೆ ಇಲ್ಲ, ಅಮ್ಮ.” ಅವಳು ತಲೆಯೆತ್ತಲಿಲ್ಲ. “ಕಾರಲ್ಲಿ ಅದನ್ನೆಲ್ಲ ಜೋರಾಗಿ ಹೇಳೋವಾಗ ನಂಗೇ ಕೇಳಿಸ್ತು. ಒಂದು ಸೀಸನ್ ಆಡಿ ಆಮೇಲೆ ಟ್ಯೂಬ್ ಸ್ಟೇಷನ್ ಮೆಟ್ಟಿಲು ಹತ್ತಕ್ಕಾಗದೆ ಇರೋದು... ಐ ಡೋಂಟ್ ವಾಂಟ್ ದಟ್.”

ಪರಪ್ಪನವರಿಗೆ ಬೇಕಾದದ್ದೇ ಆಗಿತ್ತು. ಹುಡುಗಿ ಕಾಲೇಜಿಗೆ ಹೊರಟಿದ್ದಳು, ಪೋಲೆಂಡು ತಪ್ಪಿತ್ತು. ಬೇಡಿದ್ದು ಇಷ್ಟು ಸಲೀಸಾಗಿ ಕೈಗೆ ಬಂದರೆ ತಿರುಗಿಸಿ ನೋಡದೆ ಬಿಡುವ ಮನುಷ್ಯ ಅವರಲ್ಲ. ಮಗಳ ಮುಖವನ್ನೇ ನೋಡಿದರು.

“ನನ್ನ ಸಲುವಾಗಿ ಹಿಂಗ ಮಾಡಿದೇನು?”

“ಡೋಂಟ್ ಫ್ಲ್ಯಾಟರ್ ಯುವರ್‌ಸೆಲ್ಫ್, ಅಪ್ಪಾ.”

ಅತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ. ಕಣ್ಣು ಕೆಂಪಗಿದ್ದದ್ದು ಎಣಗಾಯಿಯ ಖಾರಕ್ಕೂ ಇರಬಹುದು. ಮೂರನೇ ರೊಟ್ಟಿ ತಿನ್ನುತ್ತಿದ್ದಳು ಎಂಬುದಷ್ಟೇ ಖಚಿತ.

“ಈಗರೆ ಸಮಾಧಾನ ಆತಿಲ್ರೀ?” ಎಂದರು ಕೃಷ್ಣವೇಣಿ.

ಪರಪ್ಪನವರು ಮಜ್ಜಿಗೆ ಕಲಸಿದರು. ಕಲಸುತ್ತ ಕಲಸುತ್ತ ಕೈ ನಿಂತಿತು.

“ಆ ಕೋಚ್‌ಬಾಯಿ, ಈ ವರ್ಷದ ಸ್ಕಾಲರ್‌ಶಿಪ್ ಕೊಡತೀವಿ ಅಂದಳಲ್ಲ. ಕಾಗದದಾಗ ಕೊಟ್ಟಾಳೇನು?”

“ಫೋನಲ್ಲಿ ಹೇಳಿದ್ರು.”

“ಫೋನಿನಾಗ.”

ತನ್ಮಯಿ ರೊಟ್ಟಿ ಕೆಳಗಿಟ್ಟು ಅಪ್ಪನನ್ನು ನೋಡಿದಳು. ಜಗಳ ಶುರುವಾಗುತ್ತದೆಂದು ಕೃಷ್ಣವೇಣಿ ಕಿವಿ ಮುಚ್ಚಿಕೊಳ್ಳಲು ತಯಾರಾದರು. ಹುಡುಗಿ ಎದ್ದು, ಕೈ ತೊಳೆದು, ಲ್ಯಾಪ್‌ಟಾಪ್ ತಂದು ಅಪ್ಪನ ಪಕ್ಕಕ್ಕೆ ಕುರ್ಚಿ ಎಳೆದು ಕೂತಳು. ಬಲಗಾಲನ್ನು ಇನ್ನೊಂದು ಕುರ್ಚಿಯ ಮೇಲೆ ನೀಡಿದಳು, ಬಚ್ಚಿಡದೆ.

“ಹೇಳಿ. ಏನಂತ ಬರೀಬೇಕು?”

ಪರಪ್ಪನವರು ಕನ್ನಡಕ ಏರಿಸಿದರು. “ಡಿಯರ್ ಕೋಚ್, ಅಂತ ಬರಿ” ಎಂದರು. ಅವಳು ಬರೆದಳು. ಅವರು ಪರದೆಯ ಹತ್ತಿರ ಬಾಗಿ, ಬರೆದಿದ್ದ ಆ ಎರಡು ಪದಗಳನ್ನು ಇನ್ನೊಮ್ಮೆ ಓದಿದರು.

“ತಡಿ. ‘ಡಿಯರ್’ ಅನ್ನೂದು ಸ್ವಲ್ಪ ಜಾಸ್ತಿ ಆತೇನೋ.”